ಅಪ್ಪ ಅಮ್ಮನ ಜೊತೆ ಜನವರಿಯಲ್ಲಿ ಇಥಿಯೋಪಿಯಾ: ಊಟ, ಹಣ, ದಾರಿ, ಕಾಫಿ ಕಾಡು

ಹೆತ್ತೂರಿನ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಕಲೇಶಪುರ ಕಡೆ ಕಾಫಿ ತೋಟ. ಅಪ್ಪನಿಗೆ ಈಗ 63. ಚಿಕ್ಕಂದಿನಿಂದ ಅರೇಬಿಕಾ ಗಿಡಗಳ ನಡುವೆಯೇ ಇದ್ದವರು. ಯಾರೂ ನೆಡದೆ ಕಾಫಿ ತಾನಾಗೇ ಹುಟ್ಟಿ ಬೆಳೆಯುವ ಕಾಡನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನೋದು ಅವರ ಬಹಳ ದಿನದ ಆಸೆ. ಜನವರಿ ಹೊತ್ತಿಗೆ ಅರೇಬಿಕಾ ಕೊಯ್ಲು ಮುಗಿಯುತ್ತೆ. ಆಗ ನಾನು, ಅಪ್ಪ, ಅಮ್ಮ ಮೂವರೂ ಇಥಿಯೋಪಿಯಾಕ್ಕೆ ಹೋಗೋಣ ಅಂದುಕೊಂಡಿದ್ದೇವೆ. ಹನ್ನೆರಡು ದಿನ ಸಿಗಬಹುದು.

ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಪ್ಪನಿಗೆ ಬಿಪಿ ಇದೆ. ಲಾಲಿಬೆಲಾದ ಕಲ್ಲಿನ ಚರ್ಚುಗಳು, ತಿಮ್ಕತ್ ಹಬ್ಬ, ಕಾಫಿ ಕಾಡು, ಮೂರೂ ಆಗುತ್ತಾ? ಟೂರ್ ಮಾಡಿಸುವವರನ್ನು ಕೇಳಿದರೆ ಎಲ್ಲದಕ್ಕೂ "ಆಗುತ್ತೆ ಮೇಡಂ" ಅಂತಾರೆ. ಅಲ್ಲಿ ಇದ್ದು ಬಂದವರು ಹೇಳಿ, ದಯವಿಟ್ಟು.

ಧಾರವಾಡದ ಮೇಷ್ಟ್ರು:
ಖಂಡಿತ ಹೋಗಿ ಬಾರವ್ವ. ನಾನು ಅಲ್ಲಿ ಆರು ವರ್ಷ ಕಾಲೇಜಿನಲ್ಲಿ ಪಾಠ ಮಾಡಿದ್ದೇನೆ. ಮೊದಲು ಗೊಂದರ್, ಆಮೇಲೆ ಜಿಮ್ಮಾ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಿಂದಲೂ ನಮ್ಮ ದೇಶದ ಮೇಷ್ಟ್ರುಗಳು ಹೋಗಿ ಕಲಿಸಿದ ನಾಡು ಅದು. ವಯಸ್ಸಾದವರು ಸಿಕ್ಕರೆ "ನನಗೆ ಲೆಕ್ಕ ಹೇಳಿಕೊಟ್ಟವರು ಇಂಡಿಯಾದವರು" ಅಂತ ಕೈ ಹಿಡಿದುಕೊಂಡೇ ಮಾತಾಡಿಸುತ್ತಾರೆ. ನಿಮ್ಮ ಅಪ್ಪ ಅಮ್ಮನಿಗೆ ಅದು ತುಂಬ ಹಿತ ಅನ್ನಿಸುತ್ತೆ.

ಎಲ್ಲಕ್ಕಿಂತ ಮೊದಲು ಅಲ್ಲಿನ ಗಡಿಯಾರ ತಿಳಿದುಕೊಳ್ಳಿ. ಅವರ ದಿನ ಶುರುವಾಗುವುದು ಬೆಳಗಾದಾಗ. ನಮ್ಮ ಬೆಳಿಗ್ಗೆ ಏಳು ಅಂದರೆ ಅವರಿಗೆ ಒಂದು ಗಂಟೆ. ನಮ್ಮ ಮಧ್ಯಾಹ್ನ ಹನ್ನೆರಡು ಅವರಿಗೆ ಆರು. ನಾನು ಹೋದ ಹೊಸದರಲ್ಲಿ ಒಬ್ಬ ಡ್ರೈವರ್ "ನಾಳೆ ಹನ್ನೊಂದಕ್ಕೆ ಬರ್ತೀನಿ" ಅಂದ. ನಾನು ತಿಂಡಿ ಮುಗಿಸಿ, ಪೆಟ್ಟಿಗೆ ಕಟ್ಟಿ, ಹನ್ನೊಂದಕ್ಕೆ ಕೆಳಗಿಳಿದೆ. ಅವನು ನಸುಕಿನ ಐದು ಗಂಟೆಗೇ ಬಂದು, ಚಳಿಯಲ್ಲಿ ಎರಡು ತಾಸು ಕಾದು ಹೋಗಿದ್ದನಂತೆ. ಅವನ ಹನ್ನೊಂದು ಅಂದರೆ ಅದು. ಅವತ್ತಿನಿಂದ ಯಾರು ಹೊತ್ತು ಹೇಳಿದರೂ "ಹಬೆಶಾ ಟೈಮಾ, ಫೆರೆಂಜಿ ಟೈಮಾ?" ಅಂತ ಕೇಳುತ್ತಿದ್ದೆ. ಹಬೆಶಾ ಅಂದರೆ ಅವರು. ಫೆರೆಂಜಿ ಅಂದರೆ ಹೊರಗಿನವರು, ನಮ್ಮ "ಪರಂಗಿ"ಯೇ ಅದು. ವಿಮಾನದ ಟಿಕೆಟ್ಟಿನಲ್ಲಿ ಮಾತ್ರ ನಮಗೆ ಗೊತ್ತಿರುವ ಟೈಮೇ ಇರುತ್ತೆ. ಅದು ಭಾರತಕ್ಕಿಂತ ಎರಡೂವರೆ ಗಂಟೆ ಹಿಂದೆ.

ಪಂಚಾಂಗವೂ ಬೇರೆ. ವರ್ಷಕ್ಕೆ ಹದಿಮೂರು ತಿಂಗಳು. ಕೊನೆಯದಕ್ಕೆ ಐದೇ ದಿನ, ನಾಲ್ಕು ವರ್ಷಕ್ಕೊಮ್ಮೆ ಆರು. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಅವರ ಅಧಿಕ ವರ್ಷ ಕಳೆದ ಮೇಲೆ 12ಕ್ಕೆ. ಇಸವಿ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದಿರುತ್ತೆ. 2025ರ ಸೆಪ್ಟೆಂಬರಿನಲ್ಲಿ ಅವರಿಗೆ 2018 ಹುಟ್ಟಿತು. ಬಸ್ ಟಿಕೆಟ್, ಅಂಗಡಿ ರಸೀದಿಯಲ್ಲಿ ಹಳೇ ತಾರೀಖು ಕಂಡರೆ ಗಾಬರಿ ಬೇಡ.

ತಿಮ್ಕತ್ ಅಂದರೆ ಯೇಸುವಿನ ದೀಕ್ಷಾಸ್ನಾನದ ಹಬ್ಬ. ಅದು ಬರುವುದು ಜನವರಿ 19ಕ್ಕೆ, ಅವರ ಅಧಿಕ ವರ್ಷ ಕಳೆದ ಮೇಲೆ ಮಾತ್ರ 20ಕ್ಕೆ. ಅದನ್ನು ಗೊಂದರಿನಲ್ಲೇ ನೋಡಬೇಕು ಅಂತ ಎಲ್ಲರೂ ಹೇಳುತ್ತಾರೆ. ಫಾಸಿಲದಸ್ ರಾಜನ ಕೊಳದ ಹತ್ತಿರ ನಡೆಯುವ ಹಬ್ಬ ನೋಡಲು ನಿಜಕ್ಕೂ ಚೆಂದ. ಆದರೆ ಈಗಿನ ಸ್ಥಿತಿಯಲ್ಲಿ ನೀವು ಅಡಿಸ್ ಅಬಾಬದಲ್ಲೇ ನೋಡಿ. ಜಾನ್ ಮೆಡಾ ಅಂತ ದೊಡ್ಡ ಬಯಲಿದೆ. 18ರ ಮಧ್ಯಾಹ್ನ ಒಂದೊಂದು ಚರ್ಚಿನಿಂದಲೂ ತಾಬೊತ್ ಅನ್ನುವ ಪವಿತ್ರ ಹಲಗೆಯನ್ನು ಜರಿ ಬಟ್ಟೆಯಲ್ಲಿ ಮುಚ್ಚಿ, ತಲೆ ಮೇಲೆ ಹೊತ್ತು ತರುತ್ತಾರೆ. ಮೇಲೆ ಬಣ್ಣಬಣ್ಣದ ಛತ್ರಿ. ಹಿಂದೆ ಹಾಡು, ಡೋಲು. ನಮ್ಮಲ್ಲಿ ದೇವರನ್ನು ಹೊಳೆಗೆ ಕರೆದುಕೊಂಡು ಹೋಗುತ್ತಾರಲ್ಲ, ಥೇಟ್ ಹಾಗೇ. ಮರುದಿನ ಬೆಳಿಗ್ಗೆ ನೀರಿಗೆ ಪ್ರಾರ್ಥನೆ ಮಾಡಿ ಜನರ ಮೇಲೆ ಚಿಮುಕಿಸುತ್ತಾರೆ. ಬೇಗ ಹೋಗಿ, ಬಿಳಿ ಬಟ್ಟೆ ಹಾಕಿಕೊಳ್ಳಿ, ಮೊಬೈಲ್ ಒಳಜೇಬಿನಲ್ಲಿ ಇಟ್ಟುಕೊಳ್ಳಿ.

ಚಾರಣದ ಚಟ:
ನಾನು 2019ರಲ್ಲಿ ಅಡಿಸ್‌ನಿಂದ ಬಹಿರ್ ದಾರ್, ಗೊಂದರ್, ಸಿಮಿಯೆನ್ ಬೆಟ್ಟ ಎಲ್ಲಾ ಬಸ್ಸಿನಲ್ಲೇ ಸುತ್ತಿದ್ದೆ. ಏನೂ ತೊಂದರೆ ಆಗಲಿಲ್ಲ. ಗೆಲಾಡ ಕೋತಿಗಳ ಹಿಂಡಿನ ನಡುವೆ ಕೂತು ಬುತ್ತಿ ತಿಂದಿದ್ದೇನೆ. ಸುಮ್ನೆ ಹೆದರಿಸಬೇಡಿ, ಬಸ್ಸಿನಲ್ಲಿ ಹೋದರೆ ದೇಶ ಕಾಣುತ್ತೆ.

ಬೋಲೆಯಲ್ಲಿರುವ ಕನ್ನಡಿಗ:
ಅಣ್ಣಾ, ನೀವು ಹೋದಾಗ ಅದು ನಿಜ. ಈಗ ಹಾಗಿಲ್ಲ. 2020ರ ನವೆಂಬರಿನಲ್ಲಿ ಟಿಗ್ರಾಯ್ ಯುದ್ಧ ಶುರುವಾಯಿತು. 2022ರ ನವೆಂಬರಿನಲ್ಲಿ ಪ್ರಿಟೋರಿಯಾ ಒಪ್ಪಂದದಿಂದ ನಿಂತಿತು. ಆದರೆ 2023ರ ಆಗಸ್ಟಿನಿಂದ ಅಮ್ಹಾರ ಪ್ರಾಂತ್ಯದಲ್ಲಿ ಸೇನೆಗೂ ಫಾನೊ ಅನ್ನೋ ಅಲ್ಲಿನ ಬಂಡುಕೋರ ಪಡೆಗಳಿಗೂ ಕಾದಾಟ. ನೀವು ಹೇಳಿದ ಬಹಿರ್ ದಾರ್, ಗೊಂದರ್, ಸಿಮಿಯೆನ್, ಜೊತೆಗೆ ಲಾಲಿಬೆಲಾ, ಎಲ್ಲವೂ ಅದೇ ಪ್ರಾಂತ್ಯದಲ್ಲಿವೆ. ಹಿರಿಯರನ್ನು ಕರೆದುಕೊಂಡು ಅಲ್ಲಿ ರಸ್ತೆಯಲ್ಲಿ ಹೋಗಿ ಅಂತ ಯಾರೂ ಹೇಳಬಾರದು. ನಾನು ಏಳು ವರ್ಷದಿಂದ ಇಲ್ಲೇ ಅಡಿಸ್‌ನಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನವರೇ ಆ ಕಡೆ ಊರಿಗೆ ಹೋಗಬೇಕಾದರೆ ವಿಮಾನ ಹತ್ತುತ್ತಾರೆ.

ಹೆತ್ತೂರಿನ ಅಕ್ಕ, ಲಾಲಿಬೆಲಾಕ್ಕೆ ಹೋಗುವುದಾದರೆ ವಿಮಾನದಲ್ಲೇ. ಹೋಗುವ ವಾರ ಭಾರತದ ರಾಯಭಾರ ಕಚೇರಿಯ ಸೂಚನೆ ನೋಡಿ. ಲಾಲಿಬೆಲಾದ ಹೋಟೆಲಿಗೇ ಫೋನ್ ಮಾಡಿ ಕೇಳಿ. ಅನುಮಾನ ಬಂದರೆ ಬಿಟ್ಟುಬಿಡಿ. ಅದಕ್ಕೇ ಆ ಎರಡು ದಿನವನ್ನು ಪ್ರವಾಸದ ಕೊನೆಗೆ ಇಟ್ಟುಕೊಳ್ಳಿ. ಬಿಟ್ಟರೂ ಮಿಕ್ಕಿದ್ದು ಕೆಡುವುದಿಲ್ಲ.

ಇನ್ನು ಕೆಲಸದ ವಿಷಯ.

ವೀಸಾ: ಸರ್ಕಾರದ ಇ-ವೀಸಾ ವೆಬ್‌ಸೈಟಿನಲ್ಲೇ ಮಾಡಿ. ಅದೇ ಥರದ ಹೆಸರಿಟ್ಟುಕೊಂಡು ಜಾಸ್ತಿ ದುಡ್ಡು ಕೇಳುವ ಸೈಟುಗಳಿವೆ. ಪಾಸ್‌ಪೋರ್ಟ್ ಆರು ತಿಂಗಳಾದರೂ ಚಾಲ್ತಿಯಲ್ಲಿರಬೇಕು. ಮುಂಬೈ, ದೆಹಲಿಯಿಂದ ಇಥಿಯೋಪಿಯನ್ ಏರ್‌ಲೈನ್ಸ್ ನೇರ ಬರುತ್ತೆ. ಅದರಲ್ಲೇ ಬಂದರೆ ಒಳಗಿನ ವಿಮಾನಗಳ ಟಿಕೆಟ್ಟಿಗೆ ಕಡಿಮೆ ದರ ಕೊಡುವ ಪದ್ಧತಿ ಇದೆ. ಬುಕ್ ಮಾಡುವ ಮುಂಚೆ ಕೇಳಿ.

ಹಣ: ಇಲ್ಲಿನದು ಬಿರ್. 2024ರ ಜುಲೈ ಕೊನೆಗೆ ಸರ್ಕಾರ ಅದರ ಬೆಲೆಯನ್ನು ಮಾರುಕಟ್ಟೆಗೇ ಬಿಟ್ಟಿತು. ಅಲ್ಲಿವರೆಗೆ ಡಾಲರಿಗೆ 57ರ ಆಸುಪಾಸು ಇದ್ದದ್ದು ಕೆಲವೇ ದಿನದಲ್ಲಿ ನೂರು ದಾಟಿತು. ಹಾಗಾಗಿ ಅದಕ್ಕಿಂತ ಹಿಂದಿನ ಬರಹಗಳಲ್ಲಿ ಕಾಣುವ ಬೆಲೆಗಳನ್ನು ನಂಬಬೇಡಿ. ಡಾಲರ್ ನೋಟು ತನ್ನಿ, ಹೊಸದು, ಮಡಿಕೆ ಹರಿದಿರದಂಥದ್ದು. ಬ್ಯಾಂಕಿನಲ್ಲೇ ಬದಲಿಸಿ, ಚೀಟಿ ಇಟ್ಟುಕೊಳ್ಳಿ. ಅಡಿಸ್‌ನಲ್ಲಿ ವೀಸಾ ಕಾರ್ಡಿಗೆ ಎಟಿಎಂ ಸಿಗುತ್ತೆ. ಊರು ಬಿಟ್ಟರೆ ಕೈಯಲ್ಲಿ ಕಾಸು ಇರಲೇಬೇಕು. ಇಲ್ಲಿಯವರು ಟೆಲೆಬಿರ್ ಅನ್ನೋ ಆ್ಯಪಿನಲ್ಲಿ ದುಡ್ಡು ಕಳಿಸುತ್ತಾರೆ, ನಮ್ಮ ಫೋನ್‌ಪೇ ಇದ್ದ ಹಾಗೆ.

ಸಿಮ್: ಇಥಿಯೋ ಟೆಲಿಕಾಂ ಅಥವಾ ಸಫಾರಿಕಾಂ. ವಿಮಾನ ನಿಲ್ದಾಣದಲ್ಲೇ ಪಾಸ್‌ಪೋರ್ಟ್ ತೋರಿಸಿ ತಗೊಳ್ಳಿ. ಗಲಾಟೆ ಆದಾಗ ಕೆಲವು ಕಡೆ ಇಂಟರ್ನೆಟ್ ನಿಲ್ಲಿಸುತ್ತಾರೆ. ಟಿಕೆಟ್, ಹೋಟೆಲ್ ವಿವರ ಕಾಗದದಲ್ಲೂ ಇರಲಿ.

ಓಡಾಟ: ಅಡಿಸ್‌ನಲ್ಲಿ ರೈಡ್ ಅಥವಾ ಫೆರೆಸ್ ಆ್ಯಪಿನಲ್ಲಿ ಕಾರು ಕರೆಯಿರಿ. ಸಣ್ಣ ಊರುಗಳಲ್ಲಿ ಆಟೋ. ಅದಕ್ಕೆ ಇಲ್ಲಿ ಹೆಸರೇ "ಬಜಾಜ್". ನಮ್ಮ ಆಟೋನೇ, ನೀಲಿ ಬಣ್ಣ ಅಷ್ಟೆ. ಅರಮನೆ, ಮಿಲಿಟರಿ, ಸರ್ಕಾರಿ ಕಟ್ಟಡಗಳ ಫೋಟೋ ತೆಗೆಯಬೇಡಿ. ಡ್ರೋನ್ ತರಲೇಬೇಡಿ. ದುರ್ಬೀನು ಕೂಡ ಕಸ್ಟಮ್ಸ್‌ನವರು ಇಟ್ಟುಕೊಳ್ಳುವುದುಂಟು.

ಚಾರಣದ ಚಟ:
ಒಪ್ಪಿದೆ ಅಣ್ಣ. ಈಗಿನದು ನನಗೆ ಇಷ್ಟು ಗೊತ್ತಿರಲಿಲ್ಲ. ಅಕ್ಕ, ನನ್ನ ಮಾತು ಕೇಳಿ ಬಸ್ ಹತ್ತಬೇಡಿ. ದನಾಕಿಲ್ ಕಡೆ ಹೋಗಬಹುದಾ? ನನ್ನ ತಮ್ಮ ಕೇಳುತ್ತಿದ್ದಾನೆ.

ಬೋಲೆಯಲ್ಲಿರುವ ಕನ್ನಡಿಗ:
ಅದು ಸಮುದ್ರ ಮಟ್ಟಕ್ಕಿಂತ ನೂರು ಮೀಟರಿಗೂ ಕೆಳಗಿನ ಜಾಗ, ಉಪ್ಪು, ಗಂಧಕ, ಬೆಂಕಿ ಬಿಸಿಲು. 2025ರ ನವೆಂಬರ್ 23ಕ್ಕೆ ಅಲ್ಲೇ ಅಫಾರ್ ಪ್ರಾಂತ್ಯದ ಹೈಲಿ ಗುಬ್ಬಿ ಜ್ವಾಲಾಮುಖಿ ಸಿಡಿದು, ಅದರ ಬೂದಿ ದೆಹಲಿಯವರೆಗೂ ಬಂದು ನಮ್ಮ ವಿಮಾನಗಳೇ ರದ್ದಾದವು, ನೆನಪಿದೆ ಅಲ್ವಾ? ಹುಡುಗರು ಒಳ್ಳೆ ತಂಡದ ಜೊತೆ, ಅಲ್ಲಿನ ಸುದ್ದಿ ನೋಡಿಕೊಂಡು ಹೋಗಬಹುದು. ಬಿಪಿ ಇರುವವರಿಗೆ ಅಲ್ಲ.

ಕುಡ್ಲದ ಸಿಸ್ಟರ್:
ನಾನು ಪ್ರಯಾಣದ ಲಸಿಕೆ ಕೊಡುವ ಕಡೆ ಕೆಲಸ ಮಾಡುತ್ತೇನೆ. ಯಾರೂ ಇದನ್ನು ಇನ್ನೂ ಹೇಳಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಇಥಿಯೋಪಿಯಾದಿಂದ ಭಾರತಕ್ಕೆ ವಾಪಸ್ ಬರುವವರಿಗೆ ಹಳದಿ ಜ್ವರದ ಲಸಿಕೆ ಕಾರ್ಡ್ ಕಡ್ಡಾಯ. ಇಲ್ಲದಿದ್ದರೆ ಇಳಿದ ಮೇಲೆ ಆರು ದಿನದವರೆಗೆ ಪ್ರತ್ಯೇಕ ಇಡುತ್ತಾರೆ. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಕಾರ್ಡ್ ಚಾಲ್ತಿಗೆ ಬರುತ್ತೆ. ಆಮೇಲೆ ಜೀವನಪೂರ್ತಿ ನಡೆಯುತ್ತೆ. ಸರ್ಕಾರದ ಮಾನ್ಯತೆ ಇರುವ ಕೇಂದ್ರದಲ್ಲೇ ಹಾಕಿಸಬೇಕು, ಮೊದಲೇ ದಿನ ಗೊತ್ತು ಮಾಡಿಕೊಳ್ಳಬೇಕು.

ನಿಮ್ಮ ಅಪ್ಪನ ವಯಸ್ಸು 63 ಅಂದಿರಿ. ಅರವತ್ತು ದಾಟಿದವರಿಗೆ ಈ ಲಸಿಕೆಯನ್ನು ಮೊದಲ ಸಲ ಕೊಡುವಾಗ ಡಾಕ್ಟರ್ ಸರಿಯಾಗಿ ನೋಡಬೇಕು. ಮೊಟ್ಟೆ ಅಲರ್ಜಿ ಇದ್ದವರಿಗೂ ಅಷ್ಟೆ. ಟಿಕೆಟ್ ತಗೊಳ್ಳುವ ಮುಂಚೆ ನಿಮ್ಮ ಡಾಕ್ಟರನ್ನು ಕಾಣಿ. ಲಸಿಕೆ ಬೇಡ ಅಂದರೆ ಪ್ರವಾಸದ ಬಗ್ಗೆಯೇ ಮತ್ತೆ ಯೋಚಿಸಿ. ಈ ಒಂದು ವಿಷಯಕ್ಕೆ ಅಡ್ಡದಾರಿ ಹಿಡಿಯಬೇಡಿ.

ಅಡಿಸ್ ಅಬಾಬ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ಮುಳ್ಳಯ್ಯನಗಿರಿ ತುದಿಗಿಂತಲೂ ಎತ್ತರ. ಮೊದಲ ದಿನ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತೆ. ಅವತ್ತು ಏನೂ ಇಟ್ಟುಕೊಳ್ಳಬೇಡಿ. ಅಷ್ಟು ಎತ್ತರದಲ್ಲಿ ಮಲೇರಿಯಾ ಇಲ್ಲ. ಆದರೆ ಜಿಮ್ಮಾ ಕಡೆ ಎರಡು ಸಾವಿರ ಮೀಟರಿಗಿಂತ ಕೆಳಗೆ ಇಳಿಯುತ್ತೀರಿ. ಅಲ್ಲಿಗೆ ಮಲೇರಿಯಾ ಮಾತ್ರೆ ಬೇಕಾ ಅಂತ ಅದೇ ಡಾಕ್ಟರನ್ನು ಕೇಳಿ. ಬಿಪಿ ಮಾತ್ರೆ ಹದಿನೈದು ದಿನದ್ದು ಕೈಚೀಲದಲ್ಲೇ ಇರಲಿ. ನಲ್ಲಿ ನೀರು ಬೇಡ.

ಹವಾಸಾದಿಂದ ಬಂದ ಶಿರಸಿ ಅಕ್ಕ:
ನಮ್ಮ ಮನೆಯವರು ಗಾರ್ಮೆಂಟ್ಸ್ ಕೆಲಸಕ್ಕೆ ಹವಾಸಾದಲ್ಲಿದ್ದರು. ಮೂರು ವರ್ಷ ಅಲ್ಲೇ ಸಂಸಾರ ಮಾಡಿದ್ದೇನೆ. ನಾವೂ ಸಸ್ಯಾಹಾರಿಗಳೇ. ನಿಮ್ಮ ಅಮ್ಮನಿಗೆ ಧೈರ್ಯ ಹೇಳಿ. ಆಫ್ರಿಕಾದಲ್ಲಿ ನಮ್ಮಂಥವರಿಗೆ ಇಷ್ಟು ಸಲೀಸಾದ ದೇಶ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರ ಒಪ್ಪತ್ತು ಮಾಡುತ್ತಾರೆ. ಮಾಂಸ, ಹಾಲು, ಮೊಟ್ಟೆ, ತುಪ್ಪ ಯಾವುದೂ ಇಲ್ಲ. "ತ್ಸೊಮ್" ಅಂದರೆ ಉಪವಾಸ. ಹೋಟೆಲಿಗೆ ಹೋಗಿ "ಯೆತ್ಸೊಮ್ ಬೆಯಾಯ್ನೆತು" ಅನ್ನಿ. ದೊಡ್ಡ ತಟ್ಟೆಯ ತುಂಬ ಇಂಜೆರಾ, ಅದರ ಮೇಲೆ ಕೆಂಪು ಬೇಳೆಯ ಮಿಸಿರ್, ಹಳದಿ ಬಟಾಣಿ ಬೇಳೆ, ಸೊಪ್ಪಿನ ಗೊಮೆನ್, ಎಲೆಕೋಸು, ಬೀಟ್ರೂಟು, ಒಂದೊಂದು ಗುಡ್ಡೆ ಬರುತ್ತೆ. ಇಂಜೆರಾ ಅಂದರೆ ತೆಫ್ ಅನ್ನೋ ಸಾಸಿವೆಗಿಂತ ಸಣ್ಣ ಕಾಳಿನ ಹಿಟ್ಟನ್ನು ಹುಳಿ ಬರಿಸಿ ಹೊಯ್ಯುವ ದೋಸೆ. ಒಂದೇ ಮಗ್ಗುಲು ಬೇಯಿಸುತ್ತಾರೆ, ಮೇಲೆಲ್ಲ ಕಣ್ಣು ಬಿಟ್ಟಿರುತ್ತೆ. ನಮ್ಮ ತೆಳ್ಳೇವು ತಿಂದವರಿಗೆ ಕೈ ತಾನೇ ಹೋಗುತ್ತೆ. ಹುಳಿ ಮಾತ್ರ ಜಾಸ್ತಿ, ಎರಡು ದಿನದಲ್ಲಿ ಒಗ್ಗುತ್ತೆ.

ಒಂದು ಎಚ್ಚರ. ಕ್ರಿಸ್‌ಮಸ್ ಮುಂಚಿನ ದೊಡ್ಡ ಉಪವಾಸ ಜನವರಿ 7ಕ್ಕೆ, ಅವರ ಗೆನ್ನಾ ಹಬ್ಬಕ್ಕೆ ಮುಗಿಯುತ್ತೆ. ನೀವು ಹೋಗುವ ಹೊತ್ತಿಗೆ ಬುಧವಾರ, ಶುಕ್ರವಾರ ಬಿಟ್ಟು ಉಳಿದ ದಿನ ಊರೆಲ್ಲ ಮಾಂಸದ ಅಡುಗೆ. ಅಡಿಸ್‌ನಲ್ಲಿ ಬಹಳಷ್ಟು ಹೋಟೆಲುಗಳಲ್ಲಿ ಉಪವಾಸದ ತಟ್ಟೆ ದಿನಾ ಸಿಗುತ್ತೆ. ಜಿಮ್ಮಾ ಕಡೆ ಮುಸ್ಲಿಮರು ಜಾಸ್ತಿ, ಅಲ್ಲಿ ಶಿರೋ ಕೇಳಿ. ಕಡಲೆ ಹಿಟ್ಟಿನ ಗಟ್ಟಿ ಸಾರು ಅದು, ಮಣ್ಣಿನ ಕುಡಿಕೆಯಲ್ಲಿ ಕುದಿಯುತ್ತಲೇ ಬರುತ್ತೆ. ಆದರೆ "ಬೊಜೆನಾ ಶಿರೋ" ಅಂತ ಇದ್ದರೆ ಅದರಲ್ಲಿ ಮಾಂಸ ಇರುತ್ತೆ. ನಾನು ಹೋದ ಹೊಸದರಲ್ಲಿ ಗೊತ್ತಿಲ್ಲದೆ ತರಿಸಿ, ಒಂದು ತುತ್ತೂ ತಿನ್ನದೆ ಎದ್ದು ಬಂದಿದ್ದೆ. "ಸಿಗಾ ಅಲ್ಬೆಲಾಮ್", ಅಂದರೆ ಮಾಂಸ ತಿನ್ನಲ್ಲ. ಈ ಎರಡು ಪದ ಅಮ್ಮನಿಗೆ ಬಾಯಿಪಾಠ ಮಾಡಿಸಿ. ನೀರಿಗೆ "ವುಹಾ", ಎಷ್ಟು ಅನ್ನೋಕೆ "ಸಿಂತ್ ನೌ". ಬಿಲ್ಲಿಗೆ "ಹಿಸಾಬ್", ನಮ್ಮ ಹಿಸಾಬೇ!

ಯಾರಾದರೂ ತಮ್ಮ ಕೈಯಿಂದ ನಿಮ್ಮ ಬಾಯಿಗೆ ತುತ್ತು ಇಟ್ಟರೆ ಹಿಂದೆ ಸರಿಯಬೇಡಿ. ಅದಕ್ಕೆ ಗುರ್ಷಾ ಅಂತಾರೆ. ಪ್ರೀತಿಯ ಕೈತುತ್ತು ಅದು. ಅದರಲ್ಲಿ ಏನಿದೆ ಅಂತ ಮೊದಲು ಕೇಳಿಕೊಳ್ಳಿ, ಬೇಜಾರು ಮಾಡಿಕೊಳ್ಳುವುದಿಲ್ಲ. ಅವಲಕ್ಕಿ, ಉಪ್ಪಿನಕಾಯಿ ಸ್ವಲ್ಪ ಇಟ್ಟುಕೊಂಡಿದ್ದರೆ ಅಮ್ಮನಿಗೆ ನೆಮ್ಮದಿ.

ಬಾಳೆಹೊನ್ನೂರಿನ ಬೆಳೆಗಾರ:
ತಂಗೀ, ನಿಮ್ಮ ತಂದೆಯವರ ಆಸೆ ಓದಿ ಖುಷಿಯಾಯಿತು. ನಾನು ಕೊಯ್ಲು ಮುಗಿಸಿ ಒಮ್ಮೆ ಹೋಗಿ ಬಂದಿದ್ದೇನೆ. ಅವರ ತೋಟದಲ್ಲಿ ಸೆಲೆಕ್ಷನ್ 9 ಅನ್ನೋ ಅರೇಬಿಕಾ ತಳಿ ಇದೆಯಾ ಕೇಳಿ. ಇದ್ದರೆ ಅವರು ಹೋಗುತ್ತಿರುವುದು ಆ ಗಿಡದ ತವರಿಗೆ. ತಫಾರಿಕೆಲಾ ಅನ್ನುವ ಇಥಿಯೋಪಿಯಾದ ತಳಿಯನ್ನು ಟಿಮೋರ್ ಹೈಬ್ರಿಡ್ ಜೊತೆ ಸೇರಿಸಿ ನಮ್ಮ ಬಾಳೆಹೊನ್ನೂರು ಸಂಶೋಧನಾ ಕೇಂದ್ರದವರು ಮಾಡಿದ್ದು ಅದು. ಸೆಲೆಕ್ಷನ್ 4ರಲ್ಲಿ ಇರುವುದೂ ಅಲ್ಲಿಯ ತಳಿಗಳೇ. ಅದರಲ್ಲಿ ಒಂದರ ಹೆಸರು ಅಗಾರೊ. ಅಗಾರೊ ಅಂತ ಊರೇ ಇದೆ, ಜಿಮ್ಮಾದಿಂದ ಗಾಡಿಯಲ್ಲಿ ಒಂದು ಗಂಟೆ ಚಿಲ್ಲರೆ ದಾರಿ.

ಅಡಿಸ್‌ನಿಂದ ಜಿಮ್ಮಾಕ್ಕೆ ವಿಮಾನ ಇದೆ. ಅಲ್ಲಿಂದ ಹೋಟೆಲಿನವರ ಮೂಲಕ ಗಾಡಿ, ಡ್ರೈವರ್ ಮಾಡಿಕೊಂಡು ಬೊಂಗಾಕ್ಕೆ ಹೋಗಿ. ಕಫಾ ಸೀಮೆ ಅದು. ಅಲ್ಲಿನ ಕಾಡನ್ನು 2010ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಅಂತ ಗುರುತಿಸಿದೆ. ಒಳಗೆ ಹೋದರೆ ಒಂದು ಕ್ಷಣ ಮಲೆನಾಡಲ್ಲೇ ಇದ್ದೇವಾ ಅನ್ನಿಸುತ್ತೆ. ದೊಡ್ಡ ಮರ, ಬಳ್ಳಿ, ಜೌಗು ವಾಸನೆ. ಕೆಳಗೆ ಕಾಫಿ. ಆದರೆ ಸಾಲಿಲ್ಲ, ಕಸಿ ಕತ್ತರಿ ಕಂಡಿಲ್ಲ. ಬೆಳಕು ಹುಡುಕಿಕೊಂಡು ಆಳೆತ್ತರ ದಾಟಿ ಹೋದ ತೆಳ್ಳನೆ ಗಿಡಗಳು. ಒಂದು ಗಿಡದ ಎಲೆಚಿಗುರು ಕಂದು, ಪಕ್ಕದ್ದರದ್ದು ಹಸಿರು. ಒಂದರ ಹಣ್ಣು ಉದ್ದ, ಇನ್ನೊಂದರದ್ದು ಗುಂಡು. ನಾನು ಅರ್ಧ ದಿನ ಬರೀ ಎಲೆ ಮುಟ್ಟಿ ನೋಡುತ್ತಾ ನಿಂತಿದ್ದೆ. ಏಲಕ್ಕಿ ಥರದ ಕೊರೆರಿಮಾ ಗಿಡವೂ ಅಲ್ಲೇ ಇದೆ, ಕಾಯಿ ದಪ್ಪ.

ಈಗ ಮುಖ್ಯವಾದದ್ದು. ಬೀಜ, ಸಸಿ, ಒಂದು ಹಸಿ ಹಣ್ಣು ಕೂಡ ತರಬೇಡಿ. ಬೆಳೆಗಾರನ ಕೈ ಸುಮ್ಮನಿರುವುದಿಲ್ಲ, ನನಗೆ ಗೊತ್ತು. ಆದರೆ ಅಲ್ಲಿ ಕಾಯಿಯನ್ನೇ ಕೊಳೆಸುವ ಕಾಫಿ ಬೆರ್ರಿ ರೋಗ ಇದೆ, ಗಿಡ ಒಣಗಿಸುವ ಸೊರಗು ರೋಗ ಇದೆ. ಕಾಯಿ ಕೊಳೆಸುವ ಆ ರೋಗ ನಮ್ಮ ದೇಶಕ್ಕೆ ಬಂದಿಲ್ಲ, ಬರಲೂಬಾರದು. ಎರಡೂ ದೇಶದ ಕಾನೂನೂ ಒಪ್ಪುವುದಿಲ್ಲ. ತೋಟದಲ್ಲಿ ಹಾಕಿಕೊಂಡ ಶೂಗಳನ್ನು ಅಲ್ಲೇ ತೊಳೆಯಿರಿ, ಬಟ್ಟೆ ಒಗೆಸಿ. ಊರಿಗೆ ಬಂದ ಮೇಲೆ ಅದೇ ಶೂನಲ್ಲಿ ತೋಟಕ್ಕೆ ಇಳಿಯಬೇಡಿ. ಹುರಿದ ಕಾಫಿ ಎಷ್ಟು ಬೇಕಾದರೂ ತನ್ನಿ.

ಧಾರವಾಡದ ಮೇಷ್ಟ್ರು:
ಬೆಳೆಗಾರರು ತವರು ಅಂದಿದ್ದಕ್ಕೆ ನೆನಪಾಯಿತು. ನಮ್ಮ ರಾಗಿಯ ಮೂಲವೂ ಪೂರ್ವ ಆಫ್ರಿಕಾದ ಎತ್ತರದ ನಾಡೇ. ಅಲ್ಲಿ ಅದಕ್ಕೆ ದಗುಸ್ಸಾ ಅಂತಾರೆ. ಹುಚ್ಚೆಳ್ಳು ಅಲ್ಲಿಯ ಮುಖ್ಯ ಎಣ್ಣೆಕಾಳು, ಹೆಸರು ನೂಗ್. ಸಂತೆಯಲ್ಲಿ ಎರಡನ್ನೂ ಅಮ್ಮನಿಗೆ ತೋರಿಸಿ.

ಅಮ್ಹಾರಿಕ್ ಅಕ್ಷರ ಕಂಡು ಹೆದರಬೇಡಿ. ಅದಕ್ಕೂ ಕಾಗುಣಿತ ಇದೆ. ಒಂದು ಮೂಲಾಕ್ಷರ, ಅದಕ್ಕೆ ಏಳು ರೂಪ, ಲೆ ಲು ಲಿ ಲಾ ಲೇ ಲ್ ಲೊ ಅಂತ. ಕನ್ನಡ ಓದುವವರಿಗೆ ಎರಡು ವಾರದಲ್ಲಿ ಬೋರ್ಡು ಓದಲು ಬರುತ್ತೆ. ಜಿಮ್ಮಾ ಕಡೆ ಓರೊಮೊ ಭಾಷೆ, ಅದನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ.

ಲಾಲಿಬೆಲಾ ಆದರೆ: ಹನ್ನೊಂದು ಚರ್ಚುಗಳು, ಬಂಡೆಯನ್ನೇ ಮೇಲಿನಿಂದ ಕೆಳಕ್ಕೆ ಕೊರೆದು ಮಾಡಿದ್ದು. ಬೆಟೆ ಗಿಯೊರ್ಗಿಸ್ ಶಿಲುಬೆ ಆಕಾರದ್ದು, ಅದನ್ನು ಸಂಜೆ ಬಿಸಿಲಿನಲ್ಲಿ ನೋಡಿ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಜಮಖಾನೆಯಲ್ಲಿ ಚಿಗಟ ಇರುತ್ತೆ, ದಪ್ಪ ಕಾಲುಚೀಲ ಹಾಕಿ. ಮೆಟ್ಟಿಲುಗಳು ಸವೆದು ಜಾರುತ್ತವೆ. ಅಮ್ಮನ ಕೈ ಹಿಡಿದುಕೊಳ್ಳಿ.

ಬೋಲೆಯಲ್ಲಿರುವ ಕನ್ನಡಿಗ:
ಒಂದು ಬಿಟ್ಟುಹೋಯಿತು. ಜಿಮ್ಮಾ, ಹರಾರ್ ಕಡೆ ಚಾಟ್ ಅನ್ನೋ ಸೊಪ್ಪನ್ನು ಜನ ಅಡಿಕೆ ಎಲೆ ಥರ ಅಗಿಯುತ್ತಾರೆ. ಇಲ್ಲಿ ಅದಕ್ಕೆ ತಡೆಯಿಲ್ಲ. ಭಾರತದಲ್ಲಿ ಅದರೊಳಗಿನ ಅಂಶ ಮಾದಕವಸ್ತು ಕಾನೂನಿಗೆ ಬರುತ್ತೆ. ಯಾರಾದರೂ "ಊರಲ್ಲಿ ನಮ್ಮವರಿಗೆ ಕೊಡಿ" ಅಂತ ಒಣಗಿದ ಎಲೆಯ ಪೊಟ್ಟಣ ಕೊಟ್ಟರೆ ಮುಟ್ಟಲೇಬೇಡಿ.

ಹೆತ್ತೂರಿನ ಹುಡುಗಿ:
ಹೋಗಿ ಬಂದೆವು! ಎಲ್ಲರಿಗೂ ಕೈ ಮುಗಿದು ಥ್ಯಾಂಕ್ಸ್. ಮುಂದೆ ಹೋಗುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಲಾಲಿಬೆಲಾ ಬಿಟ್ಟೆವು. ಹೊರಡುವ ಹಿಂದಿನ ದಿನ ಹೋಟೆಲಿನವರೇ ಫೋನಿನಲ್ಲಿ "ಈ ವಾರ ಬೇಡ ಅಮ್ಮಾ" ಅಂದರು. ಆ ಎರಡು ದಿನ ಅಡಿಸ್‌ನಲ್ಲಿ ಕಳೆದೆವು. ಮ್ಯೂಸಿಯಮ್ಮಿನಲ್ಲಿ ಲೂಸಿಯ ಎಲುಬುಗೂಡು ನೋಡಿದೆವು, ಮನುಷ್ಯ ಕುಲದ ಮೂವತ್ತೆರಡು ಲಕ್ಷ ವರ್ಷ ಹಿಂದಿನ ಅಜ್ಜಿ. ಅವರ ಭಾಷೆಯಲ್ಲಿ ಅವಳ ಹೆಸರು ದಿಂಕಿನೆಶ್. ಎಂಟೊಟೊ ಗುಡ್ಡದಲ್ಲಿ ಅಪ್ಪನಿಗೆ ಉಸಿರು ಕಟ್ಟಿದ ಹಾಗಾಗಿ ಅರ್ಧಕ್ಕೇ ಕೂತೆವು. ಸಿಸ್ಟರ್ ಹೇಳಿದ್ದು ನೆನಪಾಯಿತು. ಚಳಿ ಜೋರು, ರಾತ್ರಿ ಸ್ವೆಟರ್ ಬೇಕೇ ಬೇಕು.

ಅಗಾರೊ ದಾರಿಯಲ್ಲಿ ಒಂದು ಮನೆಯವರು ಕಾಫಿಗೆ ಕರೆದರು. ನೆಲಕ್ಕೆ ಹಸಿ ಹುಲ್ಲು ಹಾಸಿದ್ದರು. ಆ ಮನೆಯ ಅಮ್ಮ ಹಸಿ ಬೀಜ ತೊಳೆದು, ಸಣ್ಣ ಬಾಣಲೆಯಲ್ಲಿ ಕೆಂಡದ ಮೇಲೆ ಹುರಿದರು. ಹೊಗೆ ಬರುತ್ತಿರುವ ಬಾಣಲೆಯನ್ನು ಒಬ್ಬೊಬ್ಬರ ಮುಂದೂ ತಂದು ಹಿಡಿದರು. ಅಪ್ಪ ಕಣ್ಣು ಮುಚ್ಚಿ ಆ ಹೊಗೆ ಎಳೆದುಕೊಂಡರು. ಆಮೇಲೆ ಒರಳಲ್ಲಿ ಕುಟ್ಟಿ, ಜೆಬೆನಾ ಅನ್ನೋ ಕಪ್ಪು ಮಣ್ಣಿನ ಹೂಜಿಯಲ್ಲಿ ಕುದಿಸಿದರು. ಮೂರು ಸುತ್ತು ಕೊಡುತ್ತಾರೆ, ಅಬೊಲ್, ತೋನಾ, ಬೆರೆಕಾ. ಮೂರನೆಯದು ಆಶೀರ್ವಾದದ್ದು, ಅದಕ್ಕೂ ಮುಂಚೆ ಏಳಬಾರದು. ಕನಿಷ್ಠ ಒಂದೂವರೆ ಗಂಟೆ ಇಟ್ಟುಕೊಂಡೇ ಕೂರಿ. ಅಪ್ಪ ಡ್ರೈವರ್ ಮೂಲಕ "ನಮ್ಮ ತೋಟದಲ್ಲಿ ನಿಮ್ಮ ಊರಿನ ಹೆಸರಿನ ಗಿಡ ಇದೆ" ಅಂತ ಹೇಳಿಸಿದರು. ಮನೆಯ ಯಜಮಾನರು ಎದ್ದು ಬಂದು ಅಪ್ಪನ ಭುಜಕ್ಕೆ ಭುಜ ತಾಗಿಸಿ, ಕೈ ಬಿಡಲೇ ಇಲ್ಲ. ಇಬ್ಬರೂ ಕಣದ ಕಡೆ ಹೋಗಿ, ಭಾಷೆ ಇಲ್ಲದೆ, ಬರೀ ಬೀಜ ತೋರಿಸಿಕೊಂಡು ಅರ್ಧ ಗಂಟೆ ಮಾತಾಡಿದರು.

ಬೀಜ ತರಲಿಲ್ಲ, ಬೆಳೆಗಾರ ಅಣ್ಣಾ. ಅಪ್ಪ ಶೂಗಳನ್ನು ಡ್ರೈವರಿಗೇ ಕೊಟ್ಟು ಬಂದರು. ಮುಂಬೈನಲ್ಲಿ ಇಳಿದ ತಕ್ಷಣ ಹಳದಿ ಕಾರ್ಡ್ ಕೇಳಿದರು, ಮೂವರದ್ದೂ ನೋಡಿ ಬಿಟ್ಟರು. ನಮ್ಮ ಹಿಂದೆ ಇದ್ದ ಒಬ್ಬರನ್ನು ಪಕ್ಕಕ್ಕೆ ನಿಲ್ಲಿಸಿದ್ದರು.

ಮೈಸೂರಿನ ಮಗಳು:
ಅಕ್ಕ, ಜೆಬೆನಾ ತಂದಿರಾ? ನನಗೂ ಒಂದು ಬೇಕು ಅಂತ ಆಸೆ.

ಹೆತ್ತೂರಿನ ಹುಡುಗಿ:
ಎರಡು ತಂದೆವು. ಪೆಟ್ಟಿಗೆಯಲ್ಲಿ ಹಾಕಿದ್ದರ ಕತ್ತು ಮುರಿಯಿತು. ಅಮ್ಮ ಸೀರೆ ಸುತ್ತಿ ಕೈಚೀಲದಲ್ಲಿ ತಂದಿದ್ದು ಹಾಗೇ ಇದೆ. ನೀವೂ ಹಾಗೇ ತನ್ನಿ. ಕೊಳ್ಳುವಾಗ ನೀರು ತುಂಬಿಸಿ ಜಿನುಗುತ್ತಾ ನೋಡಿ.